ಹನ್ನೊಂದು ವರ್ಷದ ಒಂದು ಕ್ರಿಯಾಪದ

(ಸಂಕ್ರಾಂತಿಗೆ ಇನ್ನು ನಾಲ್ಕು ದಿನ. ಮೈಸೂರು ಸೀಮೆಯ ಒಂದು ತಾಲ್ಲೂಕು ಊರು. ಹೈಸ್ಕೂಲಿನಿಂದ ನಿವೃತ್ತರಾದ ಇಂಗ್ಲಿಷ್ ಮೇಡಂ ಮನೆಯ ಜಗಲಿ. ನಡುವೆ ನೆನೆಹಾಕಿದ ಅವರೆಕಾಳಿನ ಪಾತ್ರೆ. ಅವರ ಹತ್ತಿರ ಓದಿದವಳು ಈಗ ವಕೀಲರೊಬ್ಬರ ಆಫೀಸಿನಲ್ಲಿ ಅನುವಾದದ ಕೆಲಸಕ್ಕಿದ್ದಾಳೆ. ಕೈಯಲ್ಲಿ ಒಂದು ಹಾಳೆ ಹಿಡಿದು ಬಂದಿದ್ದಾಳೆ.)

ಶಿಷ್ಯೆ: ಹನ್ನೆರಡು ಪುಟ ಮುಗೀತು ಮೇಡಂ. ಒಂದು ವಾಕ್ಯ ಮಾತ್ರ ಮೂರು ದಿನದಿಂದ ಅಲ್ಲೇ ನಿಂತಿದೆ. ಅದಕ್ಕೇ ಬಂದೆ.

ಮೇಡಂ: ಹಾಳೆ ಅಲ್ಲಿಡು, ಕೈ ತೊಳ್ಕೊಂಡು ಬಾ. ಕಾಳು ಹಿತುಕ್ತಾ ಮಾತಾಡೋಣ. ತುದಿ ಹಿಡಿದು ಮೆತ್ತಗೆ ಒತ್ತು, ಬೇಳೆ ತಾನೇ ಆಚೆ ಜಾರುತ್ತೆ. ಹ್ಞಾಂ, ಹಾಗೇ. ಈಗ ಹೇಳು.

ಶಿಷ್ಯೆ: ಒಬ್ಬ ಹೆಂಗಸಿನ ವಿಚ್ಛೇದನದ ಅರ್ಜಿ. ಅವರ ಹೆಸರು...

ಮೇಡಂ: ಹೆಸರು ಬೇಡ. ವಾಕ್ಯ ಹೇಳು.

ಶಿಷ್ಯೆ: ಅವರು ಬೆಂಗಳೂರಲ್ಲಿ ಕೆಲಸ ಮಾಡೋರು. ಮನೇಲಿ ನಡೆದದ್ದನ್ನೆಲ್ಲ ಇಂಗ್ಲಿಷಲ್ಲಿ ಬರೆದಿಟ್ಟುಕೊಂಡಿದ್ದಾರೆ. ನಮ್ಮ ಸೀನಿಯರ್ ಇಲ್ಲಿನ ಕೋರ್ಟಿಗೆ ಹಾಕೋ ಅರ್ಜಿಯನ್ನ ಕನ್ನಡದಲ್ಲೇ ಹಾಕೋದು. ಹಾಗಾಗಿ ಅದನ್ನೆಲ್ಲ ನಾನು ಕನ್ನಡಕ್ಕೆ ತರ್ತಿದ್ದೀನಿ. ಕೊನೇ ಪುಟದಲ್ಲಿ ಒಂದು ವಾಕ್ಯ ಇದೆ: "ಐ ಹ್ಯಾವ್ ಪುಟ್ ಅಪ್ ವಿತ್ ದಿಸ್ ಫಾರ್ ಇಲೆವೆನ್ ಇಯರ್ಸ್."

ಮೇಡಂ: ಪುಟ್ ಅಪ್ ವಿತ್. ನೀನೇನು ಬರೆದೆ?

ಶಿಷ್ಯೆ: ಮೊದಲು, "ಹನ್ನೊಂದು ವರ್ಷ ಹೊಂದಿಕೊಂಡು ಹೋಗಿದ್ದೇನೆ" ಅಂತ. ಅವರು ಓದಿದರು. ಆ ಸಾಲಿನ ಮೇಲೆ ಬೆರಳಿಟ್ಟು, "ನಾನು ಹೊಂದಿಕೊಂಡಿಲ್ಲ" ಅಂದರು. ಅಷ್ಟೇ. ಸಹಿ ಮಾಡಲಿಲ್ಲ. ಎರಡನೇ ಸಲ "ಸಹಿಸಿಕೊಂಡಿದ್ದೇನೆ" ಅಂತ ಮಾಡಿದೆ. ಅದನ್ನೂ ಓದಿ, "ಇದರಲ್ಲಿ ನಾನು ಯಾರೋ ದೊಡ್ಡ ತ್ಯಾಗಿ ಥರ ಕಾಣ್ತೀನಿ, ನಾನು ಹಾಗಿರಲಿಲ್ಲ" ಅಂದರು. ಮೂರನೇದು ನನಗೆ ತುಂಬ ಇಷ್ಟವಾಗಿತ್ತು ಮೇಡಂ, ಅಚ್ಚಗನ್ನಡ: "ಹನ್ನೊಂದು ವರ್ಷ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದೇನೆ." ಅದನ್ನ ಅವರ ಕೈಗೆ ಕೊಡೋದಕ್ಕೆ ಮುಂಚೆಯೇ ಸೀನಿಯರ್ ಕೆಂಪು ಇಂಕಿನಲ್ಲಿ ಹೊಡೆದುಹಾಕಿದರು. "ಈ ಒಂದು ಮಾತಿಗೆ ಕೇಸೇ ಬಿದ್ದುಹೋಗುತ್ತೆ" ಅಂದರು.

ಮೇಡಂ: ಯಾಕಂತೆ?

ಶಿಷ್ಯೆ: ಅದನ್ನ ಆಮೇಲೆ ಹೇಳ್ತೀನಿ. ಮೊದಲು ನೀವು ಹೇಳಿ, ಈ ಪುಟ್ ಅಪ್ ವಿತ್ ಅನ್ನೋದಕ್ಕೆ ಸರಿಯಾದ ಅರ್ಥ ಏನು? ನೀವೇ ಕ್ಲಾಸಲ್ಲಿ ಟಾಲರೇಟ್ ಅಂತ ಬರೆಸಿದ್ದಿರಿ.

ಮೇಡಂ: ಬರೆಸಿದ್ದೆ. ಮೂವತ್ತೊಂದು ವರ್ಷ ಬರೆಸಿದೆ. ಎಡಗಡೆ ಪುಟ್ ಅಪ್ ವಿತ್, ಬಲಗಡೆ ಟಾಲರೇಟ್, ನಡುವೆ ಒಂದು ಗೆರೆ. ಒಂದು ಅಂಕ. ಮಕ್ಕಳಿಗೆ ಅಂಕ ಬಂತು, ಮಾತು ಬರಲಿಲ್ಲ. ಆ ಗೆರೆ ಎಳೆದದ್ದು ತಪ್ಪು ಅಂತ ನನಗೆ ಅನ್ನಿಸಿದ್ದು ನಿವೃತ್ತಿಯಾದ ಮೇಲೆ, ಓದೋದಕ್ಕೆ ಪುರುಸೊತ್ತು ಸಿಕ್ಕಾಗ.

ಶಿಷ್ಯೆ: ಮೂರು ಪುಟ್ಟ ಪದ. ಪುಟ್ ಅಂದರೆ ಇಡು, ಅಪ್ ಅಂದರೆ ಮೇಲೆ, ವಿತ್ ಅಂದರೆ ಜೊತೆ. ಮೂರೂ ಒಂದನೇ ಕ್ಲಾಸಿನವು. ಸೇರಿಸಿದರೆ "ಜೊತೆಗೆ ಮೇಲಿಡು." ಇದರಲ್ಲಿ ಕಷ್ಟಪಡೋದು ಎಲ್ಲಿಂದ ಬಂತು?

ಮೇಡಂ: ಈ ಗೋಳು ನಿನ್ನದೊಂದೇ ಅಲ್ಲ ಕಣೇ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ದೊಡ್ಡ ನಿಘಂಟು ಅಚ್ಚು ಹಾಕಿಸಿದಾಗ, ಮುನ್ನುಡಿಯಲ್ಲಿ ಇದನ್ನೇ ಹೇಳಿಕೊಂಡಿದ್ದಾನೆ. ಕ್ರಿಯಾಪದದ ಹಿಂದೆ ಇಂಥ ಪುಟ್ಟ ಪದ ಅಂಟಿಸಿ ಅರ್ಥ ಬದಲಾಯಿಸೋ ಪದ್ಧತಿ ಇಂಗ್ಲಿಷಿನಲ್ಲಿ ವಿಪರೀತ, ಹೊರಗಿನವರಿಗೆ ಅತಿ ಹೆಚ್ಚು ತೊಡಕು ಕೊಡೋದು ಇದೇ ಅಂತ. ಅದಕ್ಕೇ ಅವುಗಳನ್ನ ಬಹಳ ಕಾಳಜಿಯಿಂದ ಸಂಗ್ರಹ ಮಾಡಿದ. ಆದರೆ ಅವನ ಕಾಲದಲ್ಲಿ ಇವಕ್ಕೊಂದು ಹೆಸರೂ ಇರಲಿಲ್ಲ. ಫ್ರೇಸಲ್ ವರ್ಬ್ ಅನ್ನೋ ಹೆಸರು ಅಚ್ಚಾಗಿದ್ದು 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ ಪುಸ್ತಕದಲ್ಲಿ. ಅವನೂ ಅದು ತನ್ನದಲ್ಲ, ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರ್ಯಾಡ್ಲಿ ಸೂಚಿಸಿದ್ದು ಅಂತ ಹೇಳಿದ್ದಾನೆ. ಜನ ಶತಮಾನಗಟ್ಟಲೆ ಆಡಿದ ಮೇಲೆ ಹೆಸರು ಬಂತು.

ಶಿಷ್ಯೆ: ನಮ್ಮಲ್ಲಿ ಇಂಥದ್ದು ಇಲ್ಲ, ಅಲ್ವಾ ಮೇಡಂ?

ಮೇಡಂ: ಇಲ್ಲದೆ ಏನು! ಈಗ ನೀನೇ ಆಡಿದೆ, "ಹೊಡೆದುಹಾಕಿದರು", "ಬಿದ್ದುಹೋಗುತ್ತೆ" ಅಂತ. ಸೀನಿಯರ್ ಹೊಡೆದದ್ದೂ ಇಲ್ಲ, ಏನನ್ನೂ ಹಾಕಿದ್ದೂ ಇಲ್ಲ. ಕೇಸು ಬೀಳೋದೂ ಇಲ್ಲ, ಎಲ್ಲಿಗೂ ಹೋಗೋದೂ ಇಲ್ಲ. ಈ ಲೋಟ ನೋಡು. ಲೋಟ ಒಡೆದುಹೋಯಿತು ಅಂದರೆ ಯಾರ ತಪ್ಪೂ ಇಲ್ಲ. ಒಡೆದುಹಾಕಿದ ಅಂದರೆ ಬೇಕೂಂತಲೇ. ಒಡೆದುಬಿಟ್ಟ ಅಂದರೆ ಅಯ್ಯೋ, ಆಗಬಾರದಿತ್ತು, ಆಯಿತು. ತಲೆ ಒಡೆದುಕೊಂಡ ಅಂದರೆ ಏಟು ಅವನಿಗೇ. ಒಡೆ ಅನ್ನೋದು ಒಂದೇ. ಹಿಂದೆ ಬರೋ ಹೋಗು, ಹಾಕು, ಬಿಡು, ಕೊಳ್ಳು ಇವೇ ಅಲ್ಲಿ ಯಾರು, ಯಾಕೆ, ಯಾರಿಗೆ ಅನ್ನೋದನ್ನೆಲ್ಲ ಹೇಳಿಬಿಡುತ್ತವೆ. ಹೊರಗಿನಿಂದ ಬಂದು ಕನ್ನಡ ಕಲಿಯೋರು "ಸತ್ತುಹೋದ" ಅಂದರೆ ಸತ್ತ ಮೇಲೆ ಎಲ್ಲಿಗೆ ಹೋದ ಅಂತ ಕೇಳ್ತಾರೆ. ಕೇಳೋದು ನ್ಯಾಯವೇ.

ಶಿಷ್ಯೆ: ಹಾಗಾದರೆ ಅವರ ಅಪ್, ವಿತ್, ನಮ್ಮ ಬಿಡು, ಕೊಳ್ಳು, ಒಂದೇ ಕೆಲಸ.

ಮೇಡಂ: ಒಂದೇ ಥರದ ಕೆಲಸ. ಆದರೆ ಅವರ ಅಪ್ ಬರೀ ದಿಕ್ಕು. ನಮ್ಮ ಕೊಳ್ಳು ಪೂರ್ತಿ ಒಂದು ಕ್ರಿಯೆ, ಕೈ ಚಾಚಿ ತಗೊಳ್ಳೋದು. ಇನ್ನು ಈ ಅಪ್ ಅನ್ನೋ ದಿಕ್ಕು ಏನೇನು ಮಾಡುತ್ತೆ ನೋಡು. ಡೇರೆ ಹಾಕಿದರೆ ಪುಟ್ ಅಪ್. ಗೋಡೆಗೆ ಪೋಸ್ಟರ್ ಅಂಟಿಸಿದರೆ ಪುಟ್ ಅಪ್. ಚುನಾವಣೆಗೆ ಅಭ್ಯರ್ಥಿ ನಿಲ್ಲಿಸಿದರೂ ಪುಟ್ ಅಪ್, ಬೆಲೆ ಏರಿಸಿದರೂ ಪುಟ್ ಅಪ್. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರು ಕಡತವನ್ನ ಸಾಹೇಬರ ಮುಂದೆ ಇಡೋದಕ್ಕೂ "ಫೈಲ್ ಪುಟ್ ಅಪ್ ಮಾಡಿ" ಅನ್ನೋದು ಕೇಳಿದ್ದೀಯಲ್ಲ?

ಶಿಷ್ಯೆ: ದಿನಾ ಕೇಳ್ತೀನಿ. ಇನ್ನೊಂದು, "ವೇರ್ ಆರ್ ಯೂ ಪುಟ್ ಅಪ್?" ಅಂತ. ಬೆಂಗಳೂರಲ್ಲಿ ಯಾರನ್ನ ಕಂಡರೂ ಕೇಳ್ತಾರೆ.

ಮೇಡಂ: ಅದು ನಮ್ಮ ದೇಶದ ಇಂಗ್ಲಿಷು. ಅವರ ಕಡೆ ಪುಟ್ ಅಪ್ ಅಂದರೆ ನೆಂಟರನ್ನ ಒಂದೆರಡು ರಾತ್ರಿಗೆ ಮನೇಲಿ ಉಳಿಸಿಕೊಳ್ಳೋದು. ನಮ್ಮವರು ಇಪ್ಪತ್ತು ವರ್ಷದಿಂದ ಸ್ವಂತ ಮನೆಯಲ್ಲಿ ಇರೋರನ್ನೂ ಹಾಗೇ ಕೇಳ್ತಾರೆ. ನನಗೆ ಇದರಲ್ಲಿ ಸೋಜಿಗ ಅನ್ನಿಸೋದು ಬೇರೆ. ಇಂಗ್ಲಿಷಿನವನು ಅತಿಥಿಯನ್ನ ಮೇಲೆ ಇಡ್ತಾನೆ. ನಾವು ಏನು ಕೇಳ್ತೀವಿ? "ಎಲ್ಲಿ ಇಳ್ಕೊಂಡಿದ್ದೀರಿ?" ಗಾಡಿಯಿಂದ, ಕುದುರೆಯಿಂದ ಇಳಿದ ಜಾಗವೇ ನಮ್ಮ ಬಿಡಾರ. ಒಂದೇ ಕೆಲಸಕ್ಕೆ ಅವರದು ಹತ್ತೋದು, ನಮ್ಮದು ಇಳಿಯೋದು. ದಿಕ್ಕು ನೋಡಿ ಅನುವಾದ ಮಾಡೋದಕ್ಕೆ ಆಗಲ್ಲ.

ಶಿಷ್ಯೆ: ಸರಿ. ಈಗ ಕಷ್ಟಪಡೋ ಪುಟ್ ಅಪ್‌ಗೆ ಬನ್ನಿ.

ಮೇಡಂ: ಬಂದೆ. ಪುಟ್ ಅಪ್‌ಗೆ ಇನ್ನೊಂದು ಹಳೇ ಅರ್ಥ ಇತ್ತು, ಈಗ ಬಳಕೆ ತಪ್ಪಿದೆ. ಒಳಗೆ ಸೇರಿಸಿ ಎತ್ತಿಡೋದು. ಕತ್ತಿಯನ್ನ ಒರೆಗೆ ಸೇರಿಸೋದು, ದುಡ್ಡನ್ನ ಚೀಲಕ್ಕೆ ಸೇರಿಸೋದು. 1611ರ ಇಂಗ್ಲಿಷ್ ಬೈಬಲಿನಲ್ಲಿ, ಏಸುವನ್ನ ಹಿಡಿಯೋಕೆ ಬಂದಾಗ ಪೇತ್ರ ಕತ್ತಿ ಹಿರೀತಾನಲ್ಲ, ಆಗ ಏಸು ಅವನಿಗೆ ಕತ್ತಿ ಒರೆಗೆ ಹಾಕು ಅನ್ನೋ ಜಾಗದಲ್ಲಿ ಇರೋದು ಇದೇ ಪುಟ್ ಅಪ್. ಆ ಕಾಲದ ಜನ ಇದನ್ನೇ ಅವಮಾನಕ್ಕೂ ಬಳಸ್ತಿದ್ದರು. ಯಾರೋ ಬೈದರು, ಮೋಸ ಮಾಡಿದರು, ನೀನು ತಿರುಗಿ ಬೀಳಲಿಲ್ಲ. ಆ ಅವಮಾನವನ್ನ ಮಡಿಚಿ ಜೇಬಿಗೆ ಹಾಕ್ಕೊಂಡೆ. ಅದೂ ಪುಟ್ ಅಪ್. ಶೇಕ್ಸ್‌ಪಿಯರನ ಒಥೆಲೋ ನಾಟಕದಲ್ಲಿ ರೊಡೆರಿಗೊ ಅಂತ ಒಬ್ಬ ಬರ್ತಾನೆ, ನೆನಪಿದೆಯಾ?

ಶಿಷ್ಯೆ: ಇಯಾಗೋ ಹತ್ತಿರ ಒಡವೆ ಕೊಟ್ಟು ಕೊಟ್ಟು ಮೋಸಹೋದವನು.

ಮೇಡಂ: ಅವನೇ. ಡೆಸ್ಡಿಮೋನಾಗೆ ತಲುಪಿಸ್ತೀನಿ ಅಂತ ಇಯಾಗೋ ಒಡವೆಯನ್ನೆಲ್ಲ ಇಸ್ಕೊಂಡಿರ್ತಾನೆ. ನಾಲ್ಕನೇ ಅಂಕದ ಹೊತ್ತಿಗೆ ಇವನಿಗೆ ತಲೆಗೆ ಹೊಳೆಯುತ್ತೆ. ಇಷ್ಟು ದಿನ ಪೆದ್ದನ ಹಾಗೆ ಅನುಭವಿಸಿದ್ದನ್ನ ಸುಮ್ಮನೆ ಪುಟ್ ಅಪ್ ಮಾಡೋದಕ್ಕೆ ನಾನು ತಯಾರಿಲ್ಲ ಅಂತ ಇಯಾಗೋಗೆ ಮುಖಕ್ಕೆ ಹೇಳ್ತಾನೆ. ಗಮನಿಸು, ಅಲ್ಲಿ ವಿತ್ ಇಲ್ಲ. ಬರೀ ಪುಟ್ ಅಪ್. ವಿತ್ ಬಂದು ಗಟ್ಟಿಯಾಗಿ ಅಂಟಿಕೊಂಡದ್ದು ಹದಿನೆಂಟನೇ ಶತಮಾನದ ಹೊತ್ತಿಗೆ. ಆಮೇಲೆ ಮೂರೂ ಬಿಡಿಸಲಾರದ ಹಾಗೆ ಒಂದಾದವು. ವಾಕ್ಯದ ಕೊನೆಗೆ ಅಪ್, ವಿತ್ ಥರದ ಪದ ಬರಬಾರದು ಅಂತ ಒಂದು ಕಟ್ಟುಪಾಡು ಇತ್ತಲ್ಲ, ಕವಿ ಡ್ರೈಡನ್ 1672ರಲ್ಲಿ ನಾಟಕಕಾರ ಬೆನ್ ಜಾನ್ಸನ್ನನ ಬರಹದಲ್ಲಿ ತಪ್ಪು ಹುಡುಕಿದಾಗಿಂದ ಬೆಳೆದದ್ದು, ಅದನ್ನ ಈ ಕ್ರಿಯಾಪದಕ್ಕೆ ಹಚ್ಚೋಕೆ ಹೋದರೆ ವಾಕ್ಯ ಕೈಕಾಲು ಮುರ್ಕೊಂಡು ಬೀಳುತ್ತೆ. ಚರ್ಚಿಲ್ ಹಾಗೊಂದು ವಾಕ್ಯ ಬರೆದು ತನ್ನ ಅಧಿಕಾರಿಯ ಬಾಯಿ ಮುಚ್ಚಿಸಿದ ಅಂತ ಕತೆ ಹೇಳ್ತಾರೆ. ಆದರೆ 1942ರಲ್ಲೇ ಆ ಕತೆ ಅವನ ಹೆಸರಿಲ್ಲದೆ ಅಚ್ಚಾಗಿತ್ತು. ದೊಡ್ಡವರ ಹೆಸರು ಆಮೇಲೆ ಬಂದು ಕೂತಿರಬೇಕು.

ಶಿಷ್ಯೆ: ಜೇಬು... ನನಗೆ ಇದು ಗೊತ್ತೇ ಇರಲಿಲ್ಲ. ಟಾಲರೇಟ್, ಎಂಡ್ಯೂರ್, ಬೇರ್, ಸಫರ್, ಎಲ್ಲ ಒಂದೇ ಅಂದುಕೊಂಡಿದ್ದೆ.

ಮೇಡಂ: ಬೇರ್ ಅಂದರೆ ಹೊರು. ಸಫರ್, ಟಾಲರೇಟ್ ಎರಡೂ ಲ್ಯಾಟಿನ್ನಿನಿಂದ ಬಂದವು, ಅವುಗಳ ಬೇರಿನಲ್ಲೂ ಹೊರೋದು, ಎತ್ತಿ ಹಿಡಿಯೋದು ಇದೆ. ಎಂಡ್ಯೂರ್ ಅಂದರೆ ಗಟ್ಟಿಯಾಗು, ಕಲ್ಲಿನ ಹಾಗೆ. ನಮ್ಮ ತಾಳು ಕೂಡ ಅದೇ ಜಾತಿ. ರೂಪ ತಾಳಿದ, ಜನ್ಮ ತಾಳಿದ, ನಿಲುವು ತಾಳಿದ ಅಂತೀವಲ್ಲ? ಧರಿಸೋದು, ಹಿಡಿಯೋದು. ಅದೇ ತಾಳು ಕಷ್ಟಕ್ಕೂ ಬಂತು. ಇವೆಲ್ಲ ಹೊರೆ ಹೊರೋ ಪದಗಳು. ಹೊರೆ ಹೊತ್ತವನನ್ನ ಲೋಕ ನೋಡುತ್ತೆ, ಭೇಷ್ ಅನ್ನುತ್ತೆ. ತಾಳಿದವನು ಬಾಳಿಯಾನು ಅಂತ ಗಾದೆಯನ್ನೇ ಕಟ್ಟುತ್ತೆ. ಪುಟ್ ಅಪ್ ವಿತ್‌ನಲ್ಲಿ ಹೊರೆ ಇಲ್ಲ, ಜೇಬು ಇದೆ. ಜೇಬಲ್ಲಿ ಏನಿದೆ ಅಂತ ಹೊರಗೆ ಕಾಣೋದೇ ಇಲ್ಲ.

ಶಿಷ್ಯೆ: ಸಹಿಸು?

ಮೇಡಂ: ಸಹಿಸು ಅನ್ನೋದು ಎಂಥ ಪದ ಗೊತ್ತಾ! ವೇದದ ಸಂಸ್ಕೃತದಲ್ಲಿ ಸಹ್ ಅಂದರೆ ಗೆಲ್ಲು, ಎದುರಾಳಿಯನ್ನ ಮೀರಿಸು. ಸಹಸ್ ಅಂದರೆ ಬಲ. ನಮ್ಮ ಸಾಹಸ ಹುಟ್ಟಿದ್ದು ಅದರಿಂದಲೇ. ಸಹನೆ, ಸಾಹಸ ಒಂದೇ ತಾಯಿಯ ಮಕ್ಕಳು. ಕಾಲ ಕಳೆದ ಹಾಗೆ ಗೆಲ್ಲೋ ಅರ್ಥ ಹಿಂದೆ ಸರಿದು ತಡೆಯೋ ಅರ್ಥ ಉಳೀತು. ಆದರೂ ಆ ಪದದ ಗಾಂಭೀರ್ಯ ಹೋಗಲಿಲ್ಲ. ನಿನ್ನ ಕಕ್ಷಿದಾರರು "ತ್ಯಾಗಿ ಥರ ಕಾಣ್ತೀನಿ" ಅಂದದ್ದು ಅದಕ್ಕೇ. ಅವರ ಕಿವಿ ಚುರುಕು. ಅವರು ಎಂಡ್ಯೂರ್ ಅಂತ ಬರೆಯಬಹುದಿತ್ತು, ಬರೆಯಲಿಲ್ಲ. ಸ್ವಾತಂತ್ರ್ಯ ಹೋರಾಟಗಾರರು ಜೈಲುವಾಸವನ್ನ ಎಂಡ್ಯೂರ್ ಮಾಡಿದರು ಅಂತೀವಿ. ಪುಟ್ ಅಪ್ ವಿತ್ ಮಾಡಿದರು ಅಂದರೆ ಆ ಜೈಲು ಚಿಕ್ಕದಾಗಿಬಿಡುತ್ತೆ. ಪಕ್ಕದ ಮನೆಯ ಲೌಡ್‌ಸ್ಪೀಕರು, ಸೋರೋ ನಲ್ಲಿ, ಮೇಲಧಿಕಾರಿಯ ಬಾಯಿ, ತಿಂಗಳುಗಟ್ಟಲೆ ಬಾಡಿಗೆ ಕೊಡದವನು, ದಿನದಿನದ ಇಂಥದ್ದಕ್ಕೇ ಪುಟ್ ಅಪ್ ವಿತ್. ಒಂದೊಂದಾಗಿ ನೋಡಿದರೆ ಸಣ್ಣದು. ಒಟ್ಟಿಗೆ ನೋಡಿದರೆ ಹನ್ನೊಂದು ವರ್ಷ.

ಶಿಷ್ಯೆ: ಹೌದು ಮೇಡಂ. ಅವರ ಹನ್ನೆರಡು ಪುಟದಲ್ಲಿ ದೊಡ್ಡ ಘಟನೆ ಎರಡೇ. ಉಳಿದದ್ದೆಲ್ಲ... ಸಂಬಳ ಬಂದ ದಿನವೇ ಎಟಿಎಂ ಕಾರ್ಡ್ ಕೈಗೆ ಕೊಡಬೇಕು. ತವರಿಗೆ ಫೋನ್ ಮಾಡಿದರೆ ಸ್ಪೀಕರ್ ಹಾಕಿ ಮಾತಾಡಬೇಕು. ಅಡಿಗೆ ಚೆನ್ನಾಗಿಲ್ಲ ಅಂತ ತಟ್ಟೆ ಸರಿಸಿ ಎದ್ದುಹೋಗೋದು, ಅದೂ ನೆಂಟರ ಎದುರಿಗೆ. ಇಂಥವೇ, ಪುಟಗಟ್ಟಲೆ. ಟೈಪ್ ಮಾಡ್ತಾ ಮಾಡ್ತಾ ನನಗೇ ಕೈ ನಿಂತುಹೋಗ್ತಿತ್ತು.

ಮೇಡಂ: ಹ್ಞೂಂ. ಈಗ ಹೇಳು, ಹೊಟ್ಟೆಗೆ ಹಾಕಿಕೊಂಡರೆ ಕೇಸು ಯಾಕೆ ಬೀಳುತ್ತೆ?

ಶಿಷ್ಯೆ: ಹಿಂದೂ ವಿವಾಹ ಕಾಯ್ದೆ, 1955ರದು. ಅದರ ಸೆಕ್ಷನ್ 23ರಲ್ಲಿ ಒಂದು ಷರತ್ತಿದೆ. ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಕೇಳಿದರೆ, ಅರ್ಜಿ ಹಾಕಿದವರು ಆ ಕ್ರೌರ್ಯವನ್ನ ಯಾವ ರೀತಿಯಲ್ಲೂ ಮನ್ನಿಸಿರಬಾರದು. ಕಂಡೋನೇಶನ್ ಅಂತಾರೆ ವಕೀಲರು. 1975ರಲ್ಲಿ ದಾಸ್ತಾನೆ ಅನ್ನೋರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನ ಬಿಡಿಸಿ ಹೇಳಿದೆ. ಕಂಡೋನೇಶನ್‌ನಲ್ಲಿ ಎರಡು ಸೇರಿರಬೇಕು. ತಪ್ಪನ್ನ ಕ್ಷಮಿಸಿರಬೇಕು, ತಪ್ಪು ಮಾಡಿದವರನ್ನ ಮೊದಲಿನ ಸ್ಥಾನದಲ್ಲೇ ಮತ್ತೆ ಇರಿಸಿರಬೇಕು. ಅಲ್ಲಿ ಅರ್ಜಿ ಹಾಕಿದ್ದು ಗಂಡ. ಹೆಂಡತಿಯ ನಡತೆ ಕ್ರೌರ್ಯವೇ ಹೌದು ಅಂತ ಒಪ್ಪಿದ ಕೋರ್ಟು, ಆದರೆ ಗಂಡ ಅದನ್ನ ಮನ್ನಿಸಿ ಸಂಸಾರ ಮಾಡಿದ್ದಾನೆ ಅಂತ ಹೇಳಿ, ಅವನು ಆ ಆಧಾರದ ಮೇಲೆ ಕೇಳಿದ್ದ ನ್ಯಾಯಿಕ ಪ್ರತ್ಯೇಕವಾಸವನ್ನ ಕೊಡಲಿಲ್ಲ.

ಮೇಡಂ: ಅಂದರೆ ನಿನ್ನ ಅಚ್ಚಗನ್ನಡದ ವಾಕ್ಯ...

ಶಿಷ್ಯೆ: ಎದುರು ವಕೀಲರ ಕೈಗೆ ನಾನೇ ಕೊಟ್ಟ ಹಾಗೆ ಆಗ್ತಿತ್ತು. "ನೋಡಿ ಸ್ವಾಮಿ, ಇವರೇ ಬರೆದಿದ್ದಾರೆ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಾರಂತೆ" ಅನ್ನೋರು. ಹೊಟ್ಟೆಗೆ ಹಾಕ್ಕೊಳ್ಳಿ ಅಂದರೆ ನಮ್ಮಲ್ಲಿ ಕ್ಷಮಿಸಿ ಅಂತಲೇ ತಾನೇ ಅರ್ಥ. ಕಾಲು ಹಿಡಿದು ಕೇಳೋವಾಗ ಆಡೋ ಮಾತು ಅದು.

ಮೇಡಂ: ಎಷ್ಟು ಚೆನ್ನಾಗಿ ಕಂಡಿದ್ದಾರೆ ನಿನ್ನ ಸೀನಿಯರ್! ಹೊಟ್ಟೆಗೆ ಹೋದದ್ದು ಅರಗುತ್ತೆ. ಅರಗಿದ ಮೇಲೆ ವಾಪಸು ತೆಗೆದು ತೋರಿಸೋಕಾಗಲ್ಲ. ಜೇಬಿಗೆ ಹೋದದ್ದು ಹಾಗೇ ಇರುತ್ತೆ. ಇವತ್ತಲ್ಲ ಹನ್ನೊಂದು ವರ್ಷ ಬಿಟ್ಟು ತೆಗೆದರೂ ಮಡಿಕೆ ಸಮೇತ ಇರುತ್ತೆ. ಆ ಹೆಂಗಸು ಜೇಬಿನಿಂದ ಹನ್ನೆರಡು ಪುಟ ತೆಗೆದಿಟ್ಟಿದ್ದಾರೆ. ಅದನ್ನ ನೀನು ಹೊಟ್ಟೆಗೆ ಹಾಕಿದ್ದೆ.

ಶಿಷ್ಯೆ: ಆದರೆ ಇಂಗ್ಲಿಷಿನಲ್ಲೂ ಹೊಟ್ಟೆ ಇದೆಯಲ್ಲ ಮೇಡಂ? "ಐ ಕಾಂಟ್ ಸ್ಟಮಕ್ ಇಟ್" ಅಂತಾರೆ.

ಮೇಡಂ: ಇದೆ, ಅದರ ಕತೆಯೂ ಚೆನ್ನಾಗಿದೆ. ಹದಿನಾರನೇ ಶತಮಾನದಲ್ಲಿ ಸ್ಟಮಕ್ ಅನ್ನೋ ಕ್ರಿಯಾಪದ ಹುಟ್ಟಿದಾಗ ಅದಕ್ಕೆ ಮುನಿಸು ಇಟ್ಟುಕೋ ಅಂತ ಅರ್ಥ. ಆಮೇಲೆ ತಿರುಗಿ, ನುಂಗಿಕೋ ಅಂತ ಆಯಿತು. ಒಂದೇ ಹೊಟ್ಟೆ, ಎರಡು ತದ್ವಿರುದ್ಧ ಕೆಲಸ. ನಮ್ಮಲ್ಲೂ ಎರಡೂ ಇವೆ, ಆದರೆ ನಾವು ವಿಭಕ್ತಿಯಲ್ಲಿ ಬೇರೆ ಮಾಡಿಟ್ಟಿದ್ದೀವಿ. ಹೊಟ್ಟೆ"ಗೆ" ಹಾಕಿಕೊಂಡರೆ ಕ್ಷಮೆ. ಹೊಟ್ಟೆ"ಯಲ್ಲಿ" ಇಟ್ಟುಕೊಂಡರೆ ಕೊರಗು, ಇಲ್ಲವೇ ಹಗೆ. ಗೆ, ಅಲ್ಲಿ ಅನ್ನೋ ಎರಡು ಪ್ರತ್ಯಯ, ಅದರಲ್ಲಿ ಒಂದು ಸಂಸಾರ ಉಳಿಯುತ್ತೆ, ಇನ್ನೊಂದು ಮುರಿಯುತ್ತೆ. ಅವರ ಅಪ್, ವಿತ್ ನೋಡಿ ಬೆರಗಾಗೋ ನಮಗೆ ನಮ್ಮ ಗೆ, ಅಲ್ಲಿ ಕಣ್ಣಿಗೇ ಬೀಳಲ್ಲ. ದಿನಾ ಆಡ್ತೀವಲ್ಲ, ಅದಕ್ಕೆ.

ಶಿಷ್ಯೆ: ಹಾಗಾದರೆ "ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ" ಅಂತ ಬರೆಯಲಾ?

ಮೇಡಂ: ಬೇಡ. ಅದು ಹಗೆ ಸಾಧಿಸೋರ ಮಾತಿನ ಹಾಗೆ ಕೇಳುತ್ತೆ. ಅವರು ಹಗೆ ಸಾಧಿಸ್ತಿಲ್ಲ. ನಿನ್ನ ಮೊದಲನೇ ವಾಕ್ಯಕ್ಕೆ ವಾಪಸು ಬಾ. ಹೊಂದಿಕೊಂಡು ಹೋಗಿದ್ದೇನೆ. ಅದು ನಿನ್ನ ಕೈಯಿಂದ ಅಷ್ಟು ಸರಾಗವಾಗಿ ಯಾಕೆ ಬಂತು, ಯೋಚನೆ ಮಾಡಿದೆಯಾ?

ಶಿಷ್ಯೆ: ಎಲ್ಲರ ಬಾಯಲ್ಲೂ ಅದೇ ತಾನೇ ಮೇಡಂ. ಹೊಂದಿಕೊಂಡು ಹೋಗಬೇಕು, ಅನುಸರಿಸಿಕೊಂಡು ಹೋಗಬೇಕು. ನನ್ನ ಮದುವೆಯಲ್ಲಿ ಧಾರೆ ಮುಗಿದು ಹೊರಡೋವಾಗ ಅಜ್ಜಿಯಿಂದ ಹಿಡಿದು ಎದುರು ಮನೆಯವರ ತನಕ ಇದೊಂದೇ ಮಾತು.

ಮೇಡಂ: ನನಗೂ ಅದನ್ನೇ ಹೇಳಿ ಕಳಿಸಿದ್ದು. ನನ್ನ ಮಗಳಿಗೆ ನಾನೂ ಅದನ್ನೇ ಹೇಳಿದೆ, ನಾಲಿಗೆ ತುದಿಯಲ್ಲಿತ್ತು, ಬಂದುಬಿಟ್ಟಿತು. ಇವತ್ತಿಗೂ ಅದಕ್ಕೆ ನೋವಿದೆ ನನಗೆ. ಆ ಮಾತಿನ ಕೊನೆಯಲ್ಲಿ ಏನಿದೆ ನೋಡು. ಹೋಗು. ಹೇಳೋರು ಇಲ್ಲೇ ಕೂತಿರ್ತಾರೆ, ಹೋಗಬೇಕಾದವಳು ಅವಳು. ಹೊಂದಿಕೊಳ್ಳಬೇಕಾದವಳೂ ಅವಳು. ಆ ಹೋಗು ಅನ್ನೋದು ಅವಳ ಬೆನ್ನ ಹಿಂದೆ ಬಾಗಿಲು ಹಾಕಿದ ಹಾಗೆ. ಅನುಸರಿಸು ಅಂದರೆ ಇನ್ನೊಬ್ಬರ ಹಿಂದೆ ನಡಿ. ಹೊಂದಿಕೋ ಅಂದರೆ ನೀನೇ ನಿನ್ನ ಅಳತೆ ಬದಲಾಯಿಸಿಕೋ. ಎರಡರಲ್ಲೂ ಎದುರಿಗಿರೋ ಮನುಷ್ಯ ಒಂದಿಷ್ಟೂ ಅಲ್ಲಾಡಬೇಕಿಲ್ಲ. ಪುಟ್ ಅಪ್ ವಿತ್ ಮಾಡಿದವಳು ಹಾಗಲ್ಲ. ಅವಳು ಬದಲಾಗಿಲ್ಲ, ಒಪ್ಪಿಲ್ಲ. ಇದು ಸರಿ ಅಲ್ಲ ಅಂತ ಪ್ರತಿ ದಿನವೂ ಗೊತ್ತಿದ್ದು ಸುಮ್ಮನಿದ್ದಳು. ಆ ಪದದಲ್ಲಿ ದೂರು ಇದೆ ಕಣೇ. ಟಾಲರೇಟ್ ಅನ್ನೋದರಲ್ಲಿ ಆ ದೂರು ಇಷ್ಟು ಜೋರಾಗಿ ಕೇಳಲ್ಲ. ನಾನು ಬೋರ್ಡಿನ ಮೇಲೆ ಗೆರೆ ಎಳೆದು ಅಳಿಸಿಹಾಕಿದ್ದು ಆ ದೂರನ್ನೇ.

ಶಿಷ್ಯೆ: ಬಸ್ಸಲ್ಲಿ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂತೀವಲ್ಲ...

ಮೇಡಂ: ಬಸ್ಸಿನದು ಒಳ್ಳೆಯ ಮಾತು. ಮೂರು ಜನರ ಸೀಟಲ್ಲಿ ನಾಲ್ಕನೆಯವರಿಗೆ ಜಾಗ. ಇಳಿಯೋ ಸ್ಟಾಪು ಎಲ್ಲರಿಗೂ ಗೊತ್ತು. ಅದನ್ನ ಮನೆಯೊಳಗೆ ತಂದದ್ದೇ ತಪ್ಪು.

ಶಿಷ್ಯೆ: ಮತ್ತೆ ಏನು ಬರೆಯಲಿ ಮೇಡಂ? ನುಂಗಿಕೊಂಡಿದ್ದೇನೆ?

ಮೇಡಂ: ಮತ್ತೆ ಹೊಟ್ಟೆಗೇ ಹೋಯಿತಲ್ಲ.

ಶಿಷ್ಯೆ: ನಿಭಾಯಿಸಿದ್ದೇನೆ?

ಮೇಡಂ: ಅದು ಸಾಮರ್ಥ್ಯದ ಮಾತು. ಅಂಗಡಿ ನಿಭಾಯಿಸಿದೆ, ಮದುವೆ ಖರ್ಚು ನಿಭಾಯಿಸಿದೆ. ನೀನು ಇಷ್ಟೆಲ್ಲ ಪದ ಹುಡುಕಿದೆ, ಆ ಹೆಂಗಸನ್ನ ಕೇಳಿದೆಯಾ? ಅವರ ಮನೆ ಮಾತು ಕನ್ನಡ ತಾನೇ?

ಶಿಷ್ಯೆ: ಕನ್ನಡವೇ. ಇದೇ ಜಿಲ್ಲೆ.

ಮೇಡಂ: ನಡೆದದ್ದನ್ನ ಇಂಗ್ಲಿಷಲ್ಲಿ ಬರೆದರು ಅಂದ ಮಾತ್ರಕ್ಕೆ ಹನ್ನೊಂದು ವರ್ಷ ಇಂಗ್ಲಿಷಲ್ಲಿ ಕಳೆದಿರಲ್ಲ. ಅಮ್ಮನ ಹತ್ತಿರ, ಅಕ್ಕನ ಹತ್ತಿರ ಯಾವುದೋ ಒಂದು ಮಾತಲ್ಲಿ ಹೇಳಿಕೊಂಡಿರ್ತಾರೆ. ನಿನ್ನ ಎದುರಿಗೆ ಏನಾದರೂ ಅಂದರಾ?

ಶಿಷ್ಯೆ: ತಾಳಿ... ಮೊದಲನೇ ದಿನ. "ಹೊಂದಿಕೊಂಡಿಲ್ಲ" ಅಂದು ಹಾಳೆ ವಾಪಸು ಕೊಟ್ಟರಲ್ಲ, ಎದ್ದು ಬ್ಯಾಗು ಹೆಗಲಿಗೆ ಹಾಕ್ಕೊಳ್ತಾ ನನ್ನ ಕಡೆ ನೋಡದೆ ಅಂದರು: "ಇಷ್ಟು ವರ್ಷ ಹೆಂಗೋ ತಡ್ಕೊಂಡಿದ್ದೆ ಕಣ್ರೀ."

ಮೇಡಂ: ತಡ್ಕೊಂಡಿದ್ದೆ.

ಶಿಷ್ಯೆ: ನಾನದನ್ನ ಬರೆದುಕೊಳ್ಳಲೇ ಇಲ್ಲ. ಆಡುಮಾತು, ಅರ್ಜಿಗೆ ಆಗಲ್ಲ ಅಂದುಕೊಂಡೆ.

ಮೇಡಂ: ಅದೇ ಕಣೇ ಪದ! ಮೂರು ದಿನದಿಂದ ನಿನ್ನ ಹತ್ತಿರವೇ ಇತ್ತು. ತಡೆ ಅಂದರೆ ಏನು? ಅಡ್ಡ ನಿಲ್ಲು. ನಮ್ಮೂರ ಕೆರೆ ಏರಿ ಮೇಲೆ ಮಳೆಗಾಲದಲ್ಲಿ ನಡೆದಿದ್ದೀಯಲ್ಲ? ಈ ಕಡೆ ಗದ್ದೆ, ಆ ಕಡೆ ಅಂಚಿನ ತನಕ ನೀರು. "ಏರಿ ತಡ್ಕೊಳ್ಳುತ್ತಾ?" ಅಂತ ಕೇಳ್ತಾರೆ ಜನ. ಏರಿ ನೀರನ್ನ ಕುಡಿಯೋದಿಲ್ಲ, ಕ್ಷಮಿಸೋದಿಲ್ಲ, ನೀರಿಗೆ ಹೊಂದಿಕೊಳ್ಳೋದೂ ಇಲ್ಲ. ನೀರು ಅಷ್ಟೂ ಹಿಂದೆ ನಿಂತಿರುತ್ತೆ, ಒಂದು ಹನಿಯೂ ಕಮ್ಮಿ ಆಗಿರಲ್ಲ. ಏರಿ ನಿಂತಿರುತ್ತೆ, ಅಷ್ಟೇ. ಇಂಗ್ಲಿಷಿನವನ ಜೇಬು ಇದು, ನಮ್ಮ ನೆಲದಲ್ಲಿ.

ಶಿಷ್ಯೆ: ಕೋರ್ಟಿಗೆ...

ಮೇಡಂ: "ತಡೆದುಕೊಂಡು" ಅಂತ ಬಿಡಿಸಿ ಬರಿ. ಯಾವ ಕೋರ್ಟಿಗೂ ಆಗುತ್ತೆ. ಕ್ಷಮಿಸಿದೆ ಅನ್ನೋ ನೆರಳೂ ಅದರಲ್ಲಿ ಇಲ್ಲ. ನಿನ್ನ ಸೀನಿಯರನ್ನೂ ಒಂದು ಮಾತು ಕೇಳು, ಆದರೆ ಅವರು ಕೆಂಪು ಇಂಕು ತೆಗೆಯಲ್ಲ ಅಂತ ನನ್ನ ನಂಬಿಕೆ. ಇನ್ನೊಂದು. ಅವರದು ಹ್ಯಾವ್ ಪುಟ್ ಅಪ್ ವಿತ್. ಹಿಂದೆ ಶುರುವಾಗಿ ಈ ಗಳಿಗೆವರೆಗೂ ಬಂದದ್ದು. ಅದಕ್ಕೆ "ತಡೆದುಕೊಂಡಿದ್ದೆ" ಸಾಲದು. ಅದು ಮುಗಿದುಹೋದದ್ದರ ಹಾಗೆ ಕೇಳುತ್ತೆ.

ಶಿಷ್ಯೆ: ತಡೆದುಕೊಂಡು ಹೋಗಿದ್ದೇನೆ?

ಮೇಡಂ: ಮತ್ತೆ ಅವರನ್ನ ಕಳಿಸಿಬಿಟ್ಟೆಯಲ್ಲ.

ಶಿಷ್ಯೆ: ...ಬಂದಿದ್ದೇನೆ. ತಡೆದುಕೊಂಡು ಬಂದಿದ್ದೇನೆ.

ಮೇಡಂ: ಹ್ಞಾಂ. ಕೈ ಒರೆಸಿಕೋ, ಹಾಳೆ ಒದ್ದೆ ಆಗುತ್ತೆ. ಬರೆದು ಓದು.

ಶಿಷ್ಯೆ: "ಹನ್ನೊಂದು ವರ್ಷಗಳಿಂದ ಇದೆಲ್ಲವನ್ನೂ ಹೇಗೋ ತಡೆದುಕೊಂಡು ಬಂದಿದ್ದೇನೆ." ಆ "ಹೇಗೋ" ಇರಲಾ ಮೇಡಂ? ಇಂಗ್ಲಿಷಲ್ಲಿ ಇಲ್ಲ.

ಮೇಡಂ: ಅವರ ಬಾಯಲ್ಲಿ ಇತ್ತು. ಇರಲಿ.

ಶಿಷ್ಯೆ: ನಾಳೆ ಬೆಳಿಗ್ಗೆ ಸಹಿಗೆ ಬರ್ತಾರೆ. ಈಗಲೇ ಫೋನಲ್ಲಿ ಓದಿ ಹೇಳಿಬಿಡಲಾ?

ಮೇಡಂ: ಫೋನಲ್ಲಿ ಬೇಡ. ಅವರೇ ಓದಲಿ. ಆ ಸಾಲಿನ ಮೇಲೆ ಬೆರಳಿಡ್ತಾರಾ ನೋಡು.